ಮಲಗಿದ್ದಿರೋ, ಎಚ್ಚರವಿದ್ದಿರೋ

ನಸುಕಿನ ನಾಲ್ಕು ಮೂವತ್ತೇಳಕ್ಕೆ
ಅರಕಲಗೂಡಿನ ಸೀಮೆಯಲ್ಲೆಲ್ಲೋ
ನೆಲ ಒಂದು ಸಲ ಮೈಮುರಿಯಿತು.
ಹಾಸನದ ನಮ್ಮ ಕಚೇರಿಯ ನೆಲಮಾಳಿಗೆಯಲ್ಲಿ
ಯಂತ್ರ ಆಗಲೇ ಬರೆದುಕೊಂಡಿತ್ತು:
ಮೂರು ಬಿಂದು ಒಂದು.
ನಾನು ಮೇಲೆ, ಡ್ಯೂಟಿ ರೂಮಿನ ಬೆಂಚಿನ ಮೇಲೆ
ಗೊರಕೆ ಹೊಡೆಯುತ್ತಿದ್ದೆ.

ಪತ್ರಿಕೆಗೆ ಆ ಅಂಕಿ ಸಾಕು.
ಬಂಡೆ ಎಷ್ಟು ಬಿಟ್ಟುಕೊಟ್ಟಿತು ಅನ್ನುವುದು ಯಂತ್ರದ ಲೆಕ್ಕ;
ಮನೆಗೆ ಎಷ್ಟು ತಲುಪಿತು ಅನ್ನುವುದನ್ನು
ಹೊಸ್ತಿಲಿಗೇ ಹೋಗಿ ಕೇಳಬೇಕು.
ನಲವತ್ತು ನಮೂನೆ ಕಂಕುಳಿಗಿಟ್ಟು
ರಾಮನಾಥಪುರದ ಬಸ್ಸು ಹತ್ತಿದೆ.

ತೂಗುಬಿಟ್ಟ ಬಲ್ಬು ಓಲಾಡಿತೇ?
ಕೊಡದ ನೀರು ತುಳುಕಿತೇ?
ಪಾತ್ರೆ ಸದ್ದು ಮಾಡಿದವೇ?
ಮಲಗಿದ್ದಿರೋ, ಎಚ್ಚರವಿದ್ದಿರೋ?

'ತಟ್ಟೆ ಗಿಲಗಿಲ ಅಂದ್ವು ಕಣವ್ವ,
ಬೆಕ್ಕು ಅಂತ ಬಾಯ್ತುಂಬ ಬೈದೆ.
ನೋಡಿದ್ರೆ ಅದು ನನ್ನ ಕಾಲತ್ರಲೇ ಮಲಗದೆ.
ಪಾಪ, ಬೆಕ್ಕಿಂದೇನೂ ತಪ್ಪಿಲ್ಲ ಅಂತ್ಲೂ ಬರ್ಕೊ.'
ಚಿಕ್ಕತಾಯಮ್ಮ. ಪಾತ್ರೆ: ಹೌದು. ತೀವ್ರತೆ: ನಾಲ್ಕು.

ಒಂದೇ ಗೋಡೆಯ ಆಚೆ ಬದಿ
ರೇವಣ್ಣಾಚಾರಿ ಆಕಳಿಸಿದರು: 'ಏನೂ ಆಗ್ನಿಲ್ವಲ್ಲ.'
ತೀವ್ರತೆ: ಒಂದು.

ಊರಾಚೆ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ
ಸಿದ್ದಶೆಟ್ಟಿ, ಮೂರು ರಾತ್ರಿ ನಿದ್ದೆಗೆಟ್ಟ ಕಣ್ಣು.
'ಎದ್ದೇ ಇದ್ದೆ. ಕಿಟಕೀಲಿ ಪಾದರಸ ನೋಡ್ತಾ ಇದ್ನಾ,
ಗಾಜೇ ನಡುಗ್ತು. ನಿಮ್ದು ಎಷ್ಟು ಡಿಗ್ರಿ?'
ಡಿಗ್ರಿ ಅಲ್ಲ ಅಂದೆ. ಒಂದು ಕಂಪನ, ಊರಿಗೊಂದು ತೀವ್ರತೆ ಅಂದೆ.
ಅವನು ನಕ್ಕ:
'ಒಲೆಗೆ ಹಾಕಿದ ಸೌದೆ ಒಂದು ಲೆಕ್ಕ,
ಮೇಲಿನ ಸಾಲಿನ ಎಲೆಗೆ ಮುಟ್ಟಿದ ಕಾವು ಇನ್ನೊಂದು.
ಇದಕ್ಕೆ ಓದ್ಬೇಕಾ?'

ಮೂರಕ್ಕೂ ನಾಲ್ಕಕ್ಕೂ ಏನು ಅಂತರ, ಕೇಳಿದ.
ಗೀಟು ಹತ್ತು ಪಟ್ಟು ಅಗಲ, ಕಸುವು ಮೂವತ್ತೆರಡು ಪಟ್ಟು.
ಮೂರಕ್ಕೆ ಒಂದು ಗಾಡಿ ಸೌದೆ ಉರಿದರೆ
ನಾಲ್ಕಕ್ಕೆ ಮೂವತ್ತೆರಡು ಗಾಡಿ.
'ಐದಕ್ಕೆ?'
ಸಾವಿರ.
ಅವನ ಬೆರಳು ಎಣಿಕೆ ಬಿಟ್ಟಿತು.
'ಕಾಡೇ ಬೋಳಾಯ್ತದಲ್ಲವ್ವ.'
ಎದ್ದುಹೋಗಿ ಒಲೆಯ ಬಾಯಿಂದ
ಒಂದು ಕೊರಡನ್ನು ಹಿಂದಕ್ಕೆಳೆದ.

ಸೊಪ್ಪು ಕಟ್ಟುವ ಕೊಟ್ಟಿಗೆಯಲ್ಲಿ ಮೋನಿಶಾ,
ಹನ್ನೊಂದು ವರ್ಷ, ಹುಟ್ಟಿನಿಂದ ಕಿವಿ ಕೇಳದು.
'ಅವಳ್ನೇನು ಕೇಳ್ತೀರ,' ಅಂದರು.
ಹದಿನಾಲ್ಕನೇ ಪ್ರಶ್ನೆ: ಎಂಥ ಸದ್ದು?
ಗೆರೆ ಎಳೆದು ಖಾಲಿ ಬಿಟ್ಟೆ.

ಅವಳು ನನ್ನ ರಟ್ಟಿನ ಹಲಗೆ ಕಿತ್ತುಕೊಂಡಳು.
ಕೆಳಗಿನಿಂದ ಗೆಣ್ಣಲ್ಲಿ ಒಂದು ಗುದ್ದು,
ಮೇಲಿದ್ದ ಪೆನ್ನು ಹಾರಿತು.
ಸುಮ್ಮನೆ ಕೂತಳು.
ಒಂದು ಬೆರಳು. ಎರಡು ಬೆರಳು.
ಆಮೇಲೆ ಹಲಗೆ ಆ ಕಡೆ ಈ ಕಡೆ,
ಮೊರದಲ್ಲಿ ರಾಗಿ ಹಸನು ಮಾಡುವ ಹಾಗೆ, ತುಂಬ ಹೊತ್ತು.

ಒಂದೇ ಸ್ಟ್ಯಾಂಡಿನಿಂದ ಒಟ್ಟಿಗೆ ಹೊರಡುತ್ತವೆ ಎರಡು ಅಲೆ.
ಎಕ್ಸ್‌ಪ್ರೆಸ್ಸು ಮೊದಲು ಬಂದು ತಟ್ಟಿಹೋಗುತ್ತದೆ;
ಹಿಂದಿನ ಶಟಲ್ ಎಷ್ಟು ತಡವೋ
ಹೊರಟ ಊರು ಅಷ್ಟು ದೂರ.
ಎರಡು ಸೆಕೆಂಡು, ಎಂಟರಿಂದ ಗುಣಿಸಿದರೆ
ಹದಿನಾರು ಕಿಲೋಮೀಟರ್.
ಚಾಪೆಯ ಮೇಲೆ ಬೆನ್ನು ಚೆಲ್ಲಿ ಮಲಗಿ
ಮಗು ಅಳೆದಿಟ್ಟಿದೆ.
ನಮೂನೆಯಲ್ಲಿ ಬೆನ್ನಿಗೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ.

ಸಂಜೆ ಬಸ್ಸಿನಲ್ಲಿ ತೊಡೆಯ ಮೇಲೆ ನಕ್ಷೆ.
ಹಾಸನದ ಯಂತ್ರದಿಂದ ಒಂದು ವೃತ್ತ, ಮೂವತ್ತೆರಡು;
ಮೋನಿಶಾಳಿಂದ ಒಂದು, ಹದಿನಾರು.
ಎರಡೂ ಕೂಡುವುದು ಎರಡು ಕಡೆ.
ಯಾವುದು ನಿಜ ಅನ್ನಲು ಮೂರನೆಯವರು ಬೇಕು.
ಉಳಿದಿರುವುದು ಒಂದೇ ನಮೂನೆ.
ಗುಂಡಿ ಬಂದಾಗೆಲ್ಲ ನನ್ನ ಗೀಟು
ಯಂತ್ರದ ಗೀಟಿನ ಹಾಗೇ ಚದುರುತ್ತಿದೆ.

ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದ.
ಚಿಲ್ಲರೆ ಎಣಿಸಿ ಕೊಟ್ಟು, ಪೆನ್ನಿನ ಮುಚ್ಚಳ ತೆಗೆದೆ.
ಅಣ್ಣ, ನಿಮ್ಮದು ಯಾವೂರು?
ಮೊನ್ನೆ ನಸುಕಿನಲ್ಲಿ
ಮಲಗಿದ್ದಿರೋ...